ನಾಲ್ಕಾಣೆಯ ಮಠ

ಮಗಳಿಗೆ ಅಕ್ಷರಾಭ್ಯಾಸ ಮಾಡಿಸಿದ ದಿನ ಅಜ್ಜಿ ಆಡಿದ ಒಂದು ಮಾತು ಇವತ್ತಿಗೂ ತಲೆಯೊಳಗೆ ಕೊರೆಯುತ್ತದೆ. ಸ್ಟೀಲಿನ ತಟ್ಟೆಯಲ್ಲಿ ಅಕ್ಕಿ ಹರಡಿತ್ತು. ಪುರೋಹಿತರು ಮಗುವಿನ ತೋರುಬೆರಳು ಹಿಡಿದು ಶ್ರೀಕಾರ ಬರೆಸುತ್ತಿದ್ದರು. ಅವಳಿಗೆ ಅಕ್ಕಿಕಾಳನ್ನು ತಟ್ಟೆಯಿಂದ ಹೊರಗೆ ತಳ್ಳುವುದರಲ್ಲೇ ಜಾಸ್ತಿ ಆಸಕ್ತಿ. ನಾನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ, ಯಾರಿಗೂ ಅಂತಲ್ಲದೆ, "ನಮ್ಮ ಐಗಳ ಮಠದಾಗ ಅಕ್ಕಿ ಎಲ್ಲಿಂದ ಬರಬೇಕು, ಉಸುಕಿನಾಗ ತಿದ್ದಿಸ್ತಿದ್ರು" ಅಂದಳು. ಸ್ವಲ್ಪ ಹೊತ್ತು ಬಿಟ್ಟು ತನ್ನ ಮಾತನ್ನು ತಾನೇ ತಿದ್ದಿಕೊಂಡಳು. "ನನಗಲ್ಲ. ನಮ್ಮಣ್ಣಗ."

ವಿಡಿಯೋದಲ್ಲಿ ಆ ದನಿ ಸಣ್ಣದಾಗಿ ಕೇಳಿಸುತ್ತದೆ. ಮಗುವಿನ ಮುಖ ನೋಡಬೇಕು ಅಂತ ಹಾಕಿದಾಗಲೆಲ್ಲ ನನ್ನ ಕಿವಿ ಆ "ನನಗಲ್ಲ"ದ ಕಡೆಗೇ ಹೋಗುತ್ತದೆ.

ಅಜ್ಜಿಯ ಮಠ ಅಂದರೆ ಸ್ವಾಮಿಗಳ ಮಠ ಅಲ್ಲ. ನಮ್ಮ ಕಡೆ ಹಳಬರಿಗೆ ಶಾಲೆ ಅಂದರೆ ಮಠವೇ. ಕೂಲಿ ಮಠ, ಐಗಳ ಮಠ, ಇನ್ನೂ ಮೇಲಕ್ಕೆ ಧಾರವಾಡದ ಕಡೆ ಹೋದರೆ ಗಾವಠಿ ಶಾಲೆ. ಐಗಳು ಅಂದರೆ ಮೇಷ್ಟರು. ಕಟ್ಟಡ ಇರಲೇಬೇಕು ಅಂತ ಇರಲಿಲ್ಲ. ಗುಡಿಯ ಪೌಳಿಯೋ, ಯಾರದೋ ಮನೆಯ ಪಡಸಾಲೆಯೋ ಆದೀತು. ಮಕ್ಕಳಿದ್ದರೆ ಮಠ ಇತ್ತು, ಐಗಳು ಊರು ಬಿಟ್ಟರೆ ಮಠವೂ ಊರು ಬಿಟ್ಟಿತು. ಇಂಥದ್ದರ ಚರಿತ್ರೆ ಎಲ್ಲಿ ಸಿಗಬೇಕು ಅಂದುಕೊಂಡಿದ್ದೆ. ಸಿಕ್ಕಿತು, ಅದೂ ನಮ್ಮ ಜಿಲ್ಲೆಯದೇ. ಬರೆದವನು ಮಾತ್ರ ಒಬ್ಬ ಇಂಗ್ಲಿಷ್ ಕಲೆಕ್ಟರ್.

ಸೊಟ್ಟ ಕಾಗುಣಿತದ ಬಳ್ಳಾರಿ

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಕಲೆಕ್ಟರುಗಳಿಗೂ ಕಾಗದ ಕಳಿಸಿದ. ನಿಮ್ಮ ಜಿಲ್ಲೆಯಲ್ಲಿ ಶಾಲೆ ಎಷ್ಟು, ಮಕ್ಕಳೆಷ್ಟು, ಯಾವ ಜಾತಿಯವರು ಎಷ್ಟೆಷ್ಟು, ಲೆಕ್ಕ ಕೊಡಿ ಅಂತ. ಮನ್ರೋ ನಮ್ಮ ಸೀಮೆಗೆ ಹೊಸಬನಲ್ಲ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ದತ್ತ ಮಂಡಲಕ್ಕೆ ಏಳು ವರ್ಷ ಅವನೇ ಮುಖ್ಯ ಕಲೆಕ್ಟರ್. ಆ ಕಡೆ ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟವರೂ ಇದ್ದರು. ಕೆನರಾ ಕಲೆಕ್ಟರ್ ಮಾತ್ರ ಈ ಪಟ್ಟಿ ತುಂಬುವುದು ವ್ಯರ್ಥ ಕೆಲಸ ಅಂತ ಕೈತೊಳೆದುಕೊಂಡ. ಹಾಗಾಗಿ ಮಂಗಳೂರು ಕಡೆಯ ಲೆಕ್ಕ ನಮಗಿಲ್ಲ. ಬಳ್ಳಾರಿಯ ಎ. ಡಿ. ಕ್ಯಾಂಬೆಲ್ ಅಂಥವನಲ್ಲ. ಒಂದು ವರ್ಷ ತಗೊಂಡ. 1823ರ ಆಗಸ್ಟ್ 17ರಂದು ಕಳಿಸಿದ ಉತ್ತರದಲ್ಲಿ ಅಂಕಿಯ ಜೊತೆಗೆ ಕಣ್ಣಾರೆ ನೋಡಿದವನ ವಿವರಗಳೂ ಇದ್ದವು.

ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಇದನ್ನು ಓದುತ್ತಾ ಕೂತಿದ್ದೆ. ಮಗುವಿಗೆ ಐದು ವರ್ಷ ಆದಾಗ ಓದು ಶುರು ಅಂತ ಬರೆಯುತ್ತಾನೆ. ಐಗಳೂ ಮಠದ ಮಕ್ಕಳೂ ಆ ಮನೆಗೆ ಬರುತ್ತಾರೆ. ಗಣಪತಿಯ ಸುತ್ತ ಕೂರುತ್ತಾರೆ. ಮಗುವನ್ನು ದೇವರ ಎದುರಿಗೆ ಕೂರಿಸಿ, ಬುದ್ಧಿ ಕೊಡಪ್ಪಾ ಅಂತ ಹೇಳಿಸುತ್ತಾರೆ. ಆಮೇಲೆ ಅದರ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಾರೆ. ನಾನು ಓದುವುದನ್ನು ನಿಲ್ಲಿಸಿ ನಮ್ಮ ಮನೆಯ ವಿಡಿಯೋ ಹಾಕಿ ನೋಡಿದೆ. ಸ್ಟೀಲಿನ ತಟ್ಟೆ ಬಿಟ್ಟರೆ ಇನ್ನೂರು ವರ್ಷದಲ್ಲಿ ಏನೂ ಬದಲಾಗಿಲ್ಲ. ಬದಲಾಗಿದ್ದೆಲ್ಲ ಮರುದಿನ ಬೆಳಿಗ್ಗೆಯಿಂದ.

ಆ ಮರುದಿನವನ್ನೂ ಅವನು ಬರೆದಿದ್ದಾನೆ. ಮಠ ಬೆಳಿಗ್ಗೆ ಆರಕ್ಕೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಅಂತ ಬರೆಯುತ್ತಾರೆ. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೇ ಏರುತ್ತಾ ಹೋಗುತ್ತದೆ. ಮೊದಲಿಬ್ಬರಲ್ಲದೆ ಮಿಕ್ಕವರೆಲ್ಲ ಅಂಗೈ ಉಜ್ಜಿಕೊಂಡೇ ದಿನ ಶುರು ಮಾಡಬೇಕು, ಪಾಪ. ಸೋಮಾರಿಗಳನ್ನು ಎರಡೂ ಕೈ ಕಟ್ಟಿ ಸೂರಿಗೆ ನೇತುಹಾಕುತ್ತಿದ್ದರು ಅಂತಲೂ ಇದೆ. ಅವನಿಗೆ ಅದರ ಹೆಸರು ಗೊತ್ತಿರಲಿಲ್ಲವೋ ಏನೋ, ಬರೆದಿಲ್ಲ. ನಮ್ಮ ಹಿರಿಯರಿಗೆ ಗೊತ್ತಿತ್ತು: ಕೋದಂಡ. "ಕೋದಂಡ ಹಾಕ್ತೀನಿ ನೋಡು" ಅನ್ನುವ ಬೆದರಿಕೆ ನನ್ನ ಬಾಲ್ಯದವರೆಗೂ ಉಳಿದಿತ್ತು. ಆ ಹೊತ್ತಿಗೆ ಹಗ್ಗ ಹೋಗಿ ಪದವೊಂದೇ ನೇತಾಡುತ್ತಿತ್ತು.

ನನಗೆ ತುಂಬಾ ಖುಷಿ ಕೊಟ್ಟಿದ್ದು ಬರೆಯುವ ಸಾಮಾನಿನ ಭಾಗ. ಇಂಗ್ಲಿಷ್ ಕಾಗುಣಿತದಲ್ಲಿ ಸೊಟ್ಟಗಾಗಿದ್ದ ಪದಗಳನ್ನು ಬಾಯಿಬಿಟ್ಟು ಓದಿದೆ. "ಹುಲ್ಲಿಗಿ" ಅಂದರೆ ಹಲಗೆ. "ಬುಲ್ತಪ" ಅಂತ ಕೂತಿದ್ದದ್ದು ನಮ್ಮ ಬಳಪ. ಇನ್ನೊಂದು, ಕಡತ. ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದ ಹಾಗೆ ಮಡಿಸಿ, ಇದ್ದಿಲ ಪುಡಿ ಮತ್ತು ಅಂಟು ಬಳಿದು ಕಪ್ಪು ಮಾಡಿದ್ದು. ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಸದು. ಈಗ ಕಡತ ಅಂದರೆ ಸರ್ಕಾರಿ ಕಚೇರಿಯ ಫೈಲು. ಒಂದು ಖಾತೆ ಬದಲಾವಣೆಗೆ ಎಂಟು ತಿಂಗಳು ಓಡಾಡಿದವನಾಗಿ ಹೇಳುತ್ತೇನೆ, ಒರೆಸಿದ ಹಾಗೆ ಮಾಯವಾಗುವ ಗುಣವನ್ನು ಅದು ಇನ್ನೂ ಬಿಟ್ಟಿಲ್ಲ.

ಮೊದಲು ಉಸುಕು, ಆಮೇಲೆ ಹಲಗೆ, ಕಡತ, ಓಲೆಗರಿ, ಕೊನೆಗೆ ಕಾಗದ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಐಗಳು ದೊಡ್ಡವರನ್ನು ನೋಡಿಕೊಂಡರೆ ಸಾಕು. ಇಷ್ಟು ಕಡಿಮೆ ಖರ್ಚಿನ ಈ ಪದ್ಧತಿ ಮೆಚ್ಚುವಂಥದ್ದು, ಇಂಗ್ಲೆಂಡಿನವರು ಇದನ್ನು ನಕಲು ಮಾಡಿದ್ದು ಸರಿಯಾಗಿಯೇ ಇದೆ ಅನ್ನುತ್ತಾನೆ ಕ್ಯಾಂಬೆಲ್. ಅದು ಸುಮ್ನೆ ಹೊಗಳಿಕೆಯಲ್ಲ. ಮದರಾಸಿನ ಎಗ್ಮೋರಿನಲ್ಲಿ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನೇ ತನ್ನ ಶಾಲೆಗೆ ತಂದುಕೊಂಡ. 1797ರಲ್ಲಿ ಅದರ ಬಗ್ಗೆ ಅಚ್ಚು ಹಾಕಿಸಿದ. ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಅದು "ಮದ್ರಾಸ್ ಪದ್ಧತಿ" ಅಂತ ಹರಡಿತು.

ಕಲೆಕ್ಟರ್ ಸಾಹೇಬ ಎಲ್ಲವನ್ನೂ ಮೆಚ್ಚಲಿಲ್ಲ ಅನ್ನುವುದನ್ನೂ ಹೇಳಬೇಕು. ಮಕ್ಕಳು ಬಸವ ಪುರಾಣ, ಅಮರಕೋಶ, ಪಂಚತಂತ್ರ ಎಲ್ಲ ಓದುತ್ತಾರೆ. ಆದರೆ ಆಡುಮಾತಿಗೂ ಕಾವ್ಯದ ಮಾತಿಗೂ ಅಜಗಜಾಂತರ. ಗಿಳಿಪಾಠ ಒಪ್ಪಿಸುತ್ತಾರೆ, ಅರ್ಥ ಗೊತ್ತಿಲ್ಲ ಅನ್ನುತ್ತಾನೆ. ಈ ಮಾತಿಗೆ ನಾನು ಜಗಳಕ್ಕೆ ಹೋಗುವುದಿಲ್ಲ. ಪಿಯುಸಿಯಲ್ಲಿ ನಾನು ಮಾಡಿದ್ದೂ ಅದನ್ನೇ.

ಎರಡು ಗುಂಪು, ಒಂದು ಪಟ್ಟಿ

ಈಗ ಅಂಕಿ. ಆಗಿನ ಬಳ್ಳಾರಿ ಜಿಲ್ಲೆಯೊಳಗೆ ಅನಂತಪುರವೂ ಸೇರಿತ್ತು. ಜನಸಂಖ್ಯೆ 9,27,857. ಶಾಲೆ 533. ಕನ್ನಡದವು 235, ತೆಲುಗಿನವು 226. ಮರಾಠಿ 23, ಪಾರ್ಸಿ 21, ತಮಿಳು 4. ಬ್ರಾಹ್ಮಣರು ಮಾತ್ರ ಹೋಗುವ ಸಂಸ್ಕೃತದ ಪಾಠದ ಮನೆಗಳು 23. ಇಂಗ್ಲಿಷಿನದು ಒಂದೇ ಒಂದು. ಮಕ್ಕಳು ಒಟ್ಟು 6,641. ಅಂದರೆ ಮಠಕ್ಕೆ ಹನ್ನೆರಡು ಮಕ್ಕಳು, ಸಾವಿರ ಜನಕ್ಕೆ ಸುಮಾರು ಏಳು.

ಈ ಪಟ್ಟಿ ಸಿಕ್ಕಿದವರು ತಮಗೆ ಬೇಕಾದ್ದನ್ನು ಓದಿಕೊಳ್ಳುತ್ತಾರೆ. 1931ರ ಅಕ್ಟೋಬರಿನಲ್ಲಿ ಲಂಡನ್ನಿನ ಚಾಥಮ್ ಹೌಸಿನಲ್ಲಿ ಗಾಂಧೀಜಿ ನಮ್ಮ ಹಳೆಯ ಶಾಲೆಗಳ ಬಗ್ಗೆ, ಬ್ರಿಟಿಷರು ಬೇರು ನೋಡಬೇಕೆಂದು ಮಣ್ಣು ಕೆದಕಿದರು, ಬೇರನ್ನು ಹಾಗೇ ಬಿಟ್ಟರು, ಸುಂದರವಾದ ಮರ ಒಣಗಿಹೋಯಿತು ಅಂದರು. ಫಿಲಿಪ್ ಹಾರ್ಟಾಗ್ ಎಂಬ ಶಿಕ್ಷಣತಜ್ಞ ಆಧಾರ ಕೊಡಿ ಅಂತ ಹಠ ಹಿಡಿದು ಹಿಂದೆ ಬಿದ್ದ. ಐವತ್ತು ವರ್ಷ ಬಿಟ್ಟು ಇತಿಹಾಸಕಾರ ಧರ್ಮಪಾಲ್ ಈ ಹಳೆಯ ವರದಿಗಳನ್ನೆಲ್ಲ ಹುಡುಕಿ ತೆಗೆದು ಅಚ್ಚು ಹಾಕಿಸಿದರು. ಅಲ್ಲಿಂದ ಎರಡು ಗುಂಪು. ನಮ್ಮಲ್ಲಿ ಎಲ್ಲ ಇತ್ತು ಅನ್ನುವವರದು ಒಂದು, ಏನೂ ಇರಲಿಲ್ಲ, ಬಿಳಿಯರೇ ಬಂದು ಅಕ್ಷರ ಕೊಟ್ಟರು ಅನ್ನುವವರದು ಇನ್ನೊಂದು. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಈ ಜಗಳ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎದ್ದು ಕೂರುತ್ತದೆ.

ನಾನೂ ನನಗೆ ಬೇಕಾದ್ದನ್ನೇ ಮೊದಲು ನೋಡಿದೆ, ಸುಳ್ಳು ಹೇಳುವುದಿಲ್ಲ. ಬ್ರಾಹ್ಮಣ ಹುಡುಗರು 1,185. ವೈಶ್ಯರು 981. ಶೂದ್ರರು ಅಂತ ಅವರು ಕರೆದವರು 2,998. ಅಂದರೆ ಮಠದ ಚಾಪೆಯ ಮೇಲೆ ಹೆಚ್ಚು ಜಾಗ ಹಿಡಿದವರು ನಮ್ಮಂಥವರೇ. ನಾವು ನೇಕಾರರು. ಎದೆ ಸ್ವಲ್ಪ ಉಬ್ಬಿತು. ಆಮೇಲೆ ಪಕ್ಕದ ಅಂಕಣ ನೋಡಿದೆ. "ಇತರ ಜಾತಿ", 1,174. ಈ ಇತರರೊಳಗೆ ಊರಾಚೆಯ ಕೇರಿಯ ಮಕ್ಕಳಿದ್ದರಾ? ಕೆಲವರು ಇದ್ದರು ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ಬರೀ ಒಂದು ಅಂಕಿಗೆ ಅಷ್ಟು ಭಾರ ಹೊರುವ ಶಕ್ತಿ ಇದೆ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮೂರಲ್ಲಿ ನನ್ನ ಅಪ್ಪನ ಕಾಲದಲ್ಲೂ ಶಾಲೆಯ ಒಳಗೆ ಬಂದ ಆ ಮಕ್ಕಳು ಬಾಗಿಲ ಹತ್ತಿರವೇ ಕೂರುತ್ತಿದ್ದರಂತೆ.

ಹುಡುಗಿಯರು? ಅರವತ್ತು. ಇಡೀ ಜಿಲ್ಲೆಗೆ ಅರವತ್ತು.

ನಾಲ್ಕಾಣೆ

ವರದಿಯಲ್ಲಿ ನಾನು ಮತ್ತೆ ಮತ್ತೆ ಓದಿದ್ದು ದುಡ್ಡಿನ ಭಾಗ. ಉಸುಕಿನಲ್ಲಿ ತಿದ್ದುವ ಮಗುವಿಗೆ ತಿಂಗಳಿಗೆ ಕಾಲು ರೂಪಾಯಿ, ಅಂದರೆ ನಾಲ್ಕಾಣೆ. ಕಾಗದದ ಮೇಲೆ ಬರೆಯುವ ಹಂತಕ್ಕೆ ಅಥವಾ ದೊಡ್ಡ ಲೆಕ್ಕಕ್ಕೆ ಬಂದರೆ ಎಂಟಾಣೆ. ಐಗಳ ಹೊಟ್ಟೆ ತುಂಬುತ್ತಿದ್ದದ್ದು ಇದರಲ್ಲೇ. ಸರ್ಕಾರದಿಂದ? ಈ 533ರಲ್ಲಿ ಒಂದಕ್ಕೂ ಸರ್ಕಾರದಿಂದ ಏನೂ ಸಿಗುತ್ತಿಲ್ಲ, ಹೇಳಲು ನಾಚಿಕೆಯಾಗುತ್ತದೆ ಅಂತ ಆ ಸರ್ಕಾರದ ಕಲೆಕ್ಟರೇ ಬರೆಯುತ್ತಾನೆ.

ಅದಾದ ಮೇಲೆ ಬರುವ ಮಾತು ಇನ್ನೂ ಗಟ್ಟಿ. ಹಿಂದೆ ದೊಡ್ಡ ಮಠಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲ. ಉಳಿದ ಕಡೆ ಇರುವವರ ಮನೆಯ ನಾಲ್ಕು ಮಕ್ಕಳು ಬರುತ್ತಾರೆ, ಅಷ್ಟೇ. ಕಾರಣ ಬಡತನ. ಬಡತನಕ್ಕೆ ಕಾರಣವನ್ನೂ ಅವನು ಮುಚ್ಚಿಡುವುದಿಲ್ಲ. ಇಲ್ಲಿನ ಹತ್ತಿಬಟ್ಟೆಯ ಜಾಗಕ್ಕೆ ನಮ್ಮ ಯುರೋಪಿನ ಬಟ್ಟೆ ಬಂದು ಕಸುಬಿನವರ ಕೈ ಬರಿದಾಗಿದೆ. ದಂಡು ದೂರದ ಗಡಿಗೆ ಹೋದದ್ದರಿಂದ ಕಾಳಿಗೆ ಗಿರಾಕಿ ಇಲ್ಲ. ಹಿಂದಿನ ದೊರೆಗಳು ಗಳಿಸಿದ್ದನ್ನು ಇಲ್ಲೇ ಖರ್ಚು ಮಾಡುತ್ತಿದ್ದರು, ಈಗ ದುಡ್ಡು ದಿನಾ ದೇಶ ಬಿಟ್ಟು ಹೋಗುತ್ತಿದೆ. ನಡುವಿನವರಿಗೂ ಬಡವರಿಗೂ ಮಕ್ಕಳನ್ನು ಓದಿಸುವ ಶಕ್ತಿ ಇಲ್ಲ. ಎಳೆಯ ಕೈಕಾಲಿಗೆ ಸಣ್ಣ ಕೆಲಸ ಮಾಡುವ ತ್ರಾಣ ಬಂದ ಕೂಡಲೇ ಆ ಮಕ್ಕಳು ದುಡಿಯಬೇಕು.

ಮಠ ಮುಚ್ಚಿ ಅಂತ ಯಾರೂ ಆಜ್ಞೆ ಮಾಡಲಿಲ್ಲ. ಇಂಗ್ಲಿಷ್ ವಿದ್ಯೆಯೇ ಬೇಕು ಅಂದ ಮೆಕಾಲೆಯ ಟಿಪ್ಪಣಿ ಬಂದದ್ದು 1835ರಲ್ಲಿ. ನಮ್ಮಲ್ಲಿ ಎಲ್ಲದಕ್ಕೂ ಅವನನ್ನೇ ಬೈಯುವುದು ರೂಢಿ. ಬೈಸಿಕೊಳ್ಳಲು ಯೋಗ್ಯನೇ ಬಿಡಿ. ಆದರೆ ಬಳ್ಳಾರಿಯ ಮಠಗಳ ಮಟ್ಟಿಗೆ ಆ ಟಿಪ್ಪಣಿ ಬರುವ ಹನ್ನೆರಡು ವರ್ಷ ಮೊದಲೇ ಕೆಲಸ ಅರ್ಧ ಮುಗಿದಿತ್ತು. ಮಗ್ಗ ನಿಂತಿತು. ಮಗ್ಗ ನಿಂತ ಮನೆಯಲ್ಲಿ ನಾಲ್ಕಾಣೆ ಹುಟ್ಟಲಿಲ್ಲ. ನಾಲ್ಕಾಣೆ ಕೊಡದ ಮನೆಗಳು ಹೆಚ್ಚಾದ ಮೇಲೆ ಐಗಳು ಗಂಟು ಕಟ್ಟಿದರು. ನಮ್ಮ ಮನೆತನದಲ್ಲಿ ಹಳೆಯ ಪತ್ರಗಳೆಲ್ಲ ಹೆಬ್ಬೆಟ್ಟಿನವೇ. ಅದಕ್ಕಿಂತ ಹಿಂದೆ ಯಾರಾದರೂ ಕಡತ ಹಿಡಿದಿದ್ದರಾ ಅಂತ ಈಗ ಯೋಚನೆ ಬರುತ್ತದೆ. ಮೊದಲು ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ನಾವು ಹಿಂದಿನಿಂದಲೂ ಓದದವರು, ಅಪ್ಪನ ಕಾಲಕ್ಕೆ ಓದಿದವರು ಅಂತಲೇ ನಂಬಿದ್ದೆ.

ಮನ್ರೋ ಎಲ್ಲ ವರದಿ ಕೂಡಿಸಿ 1826ರಲ್ಲಿ ಒಂದು ಯೋಜನೆ ಬರೆದ. ಜಿಲ್ಲೆಗೆರಡು ದೊಡ್ಡ ಶಾಲೆ, ತಹಸೀಲಿಗೊಂದು ಚಿಕ್ಕದು. ತಹಸೀಲಿ ಮೇಷ್ಟರಿಗೆ ತಿಂಗಳಿಗೆ ಒಂಬತ್ತು ರೂಪಾಯಿ ಸಂಬಳ, ಮೇಲೆ ಮಕ್ಕಳು ಕೊಡುವುದು. ಮರುವರ್ಷ ಪತ್ತಿಕೊಂಡದಲ್ಲಿ ಕಾಲರಾ ಬಂದು ಅವನು ತೀರಿಕೊಂಡ. ಹತ್ತು ವರ್ಷ ಕುಂಟಿದ ಮೇಲೆ 1836ರಲ್ಲಿ ಯೋಜನೆಯನ್ನೇ ಕೈಬಿಟ್ಟರು.

ಧಾರವಾಡದ ಹುಡುಗ

ಇಲ್ಲಿಗೆ ನಿಲ್ಲಿಸಿದ್ದರೆ ಒಂದು ಒಳ್ಳೆಯ ದುಃಖದ ಕಥೆ ಆಗುತ್ತಿತ್ತು. ನಮ್ಮ ಮಠ, ಅವರ ಬಟ್ಟೆ, ನಮ್ಮ ಕಣ್ಣೀರು. ಆದರೆ ಅದೇ ದಿನಗಳಲ್ಲಿ ಓದಿದ ಇನ್ನೊಂದು ದಾಖಲೆ ಆ ಕಥೆಯನ್ನು ಅಷ್ಟು ಸುಲಭಕ್ಕೆ ಹೇಳಲು ಬಿಡುವುದಿಲ್ಲ.

1856ರ ಜೂನ್. ಧಾರವಾಡದ ಸರ್ಕಾರಿ ಶಾಲೆಗೆ, ಮುಟ್ಟಬಾರದವರು ಅಂತ ದೂರ ಇಟ್ಟಿದ್ದ ಮಹಾರ ಜಾತಿಯ ಒಬ್ಬ ಹುಡುಗ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಎರಡು ವರ್ಷದ ಹಿಂದಷ್ಟೇ ವುಡ್ ಸಾಹೇಬನ ಶಿಕ್ಷಣ ಪತ್ರ ಬಂದಿತ್ತು. ಜನಸಾಮಾನ್ಯರಿಗೆ ವಿದ್ಯೆ ಅಂತ ದೊಡ್ಡ ಮಾತುಗಳಾಗಿದ್ದವು. ಶಾಲೆಯಲ್ಲಿ ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬಯಿ ಸರ್ಕಾರದವರೆಗೂ ಹೋಯಿತು. ಸರ್ಕಾರದ ಉತ್ತರ ಓದಿದರೆ ಮೈ ಉರಿಯುತ್ತದೆ. ನ್ಯಾಯ ಹುಡುಗನ ಕಡೆಗೇ ಇದೆ ಅಂತ ಒಪ್ಪುತ್ತಾರೆ. ಆದರೆ ಬಾಗಿಲು ಬಡಿದವನು ಇವನೊಬ್ಬನೇ, ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟುಹೋಗುವ ಅಪಾಯ ತಂದುಕೊಳ್ಳುವುದು ಸರಿಯಲ್ಲ ಅನ್ನುತ್ತಾರೆ. 1858ರಲ್ಲಿ ಕಂಪನಿಯ ನಿರ್ದೇಶಕರು, ಸರ್ಕಾರಿ ಶಾಲೆಗಳು ಎಲ್ಲ ವರ್ಗಕ್ಕೂ ತೆರೆದಿರಬೇಕು ಅಂತ ಬರೆದರು. ಬರೆದದ್ದು ಲಂಡನ್ನಿನಲ್ಲಿ, ಬಾಗಿಲು ಇದ್ದದ್ದು ಧಾರವಾಡದಲ್ಲಿ.

ಈ ಹುಡುಗನನ್ನು ಯಾವ ಗುಂಪಿಗೆ ಸೇರಿಸಬೇಕು ಹೇಳಿ. ಮಠ ಚೆನ್ನಾಗಿತ್ತು ಅನ್ನುವವರ ಚಾಪೆಯ ಮೇಲೆ ಅವನಿಗೆ ಜಾಗ ಇರಲಿಲ್ಲ. ಇಂಗ್ಲಿಷರು ಬಾಗಿಲು ತೆರೆದರು ಅನ್ನುವವರ ಬಾಗಿಲ ಹೊರಗೆ ಅವನು ನಿಂತೇ ಇದ್ದ. ನನ್ನ ಮುತ್ತಾತ ನಾಲ್ಕಾಣೆ ಇಲ್ಲದೆ ಮಠ ಕಳೆದುಕೊಂಡಿರಬಹುದು. ಈ ಹುಡುಗನ ಕೈಯಲ್ಲಿ ಹತ್ತು ರೂಪಾಯಿ ಇದ್ದರೂ ನಡೆಯುತ್ತಿರಲಿಲ್ಲ. ಎರಡನ್ನೂ ಒಂದೇ ನಷ್ಟ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಆಮೇಲಿನದು ಗೊತ್ತಿರುವ ಕಥೆಯೇ. ಅನುದಾನ ಬಂತು, ಅನುದಾನದ ಹಿಂದೆ ಇನ್ಸ್‌ಪೆಕ್ಟರ್ ಬಂದ. ವೇಳಾಪಟ್ಟಿ, ಅಚ್ಚಿನ ಪುಸ್ತಕ, ಹಾಜರಿ ಬುಕ್ಕು ಬಂದವು. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳನ್ನು ಶುರು ಮಾಡಿಸಿದರು. ಧಾರವಾಡದಲ್ಲಿ ಮರಾಠಿಯ ಮಧ್ಯೆ ಕನ್ನಡ ಶಾಲೆ ಏಳಿಸಲು ಡೆಪ್ಯುಟಿ ಚನ್ನಬಸಪ್ಪನವರು ಹೆಣಗಿದರು. ಕೂಲಿ ಮಠಗಳು ಅಲ್ಲಲ್ಲಿ ಉಳಿದುಕೊಂಡವು. ಅಜ್ಜಿಯ ಊರಿನದು ಅವಳು ಚಿಕ್ಕವಳಿದ್ದಾಗ ಇನ್ನೂ ನಡೆಯುತ್ತಿತ್ತು.

ಮಗ್ಗ ಮತ್ತು ಮಗ್ಗಿ

ಆ ಮಠದ ಬಗ್ಗೆ ಒಮ್ಮೆ ಅಜ್ಜಿಯನ್ನು ಕೂರಿಸಿ ಕೇಳಿದೆ. ಅವಳ ಅಣ್ಣ ಸಂಜೆ ಮನೆಗೆ ಬಂದು ಗೋಡೆಗೆ ಒರಗಿ ಮಗ್ಗಿ ಒಪ್ಪಿಸುತ್ತಿದ್ದನಂತೆ. ಅಪ್ಪ ಕುಣಿ ಮಗ್ಗದಲ್ಲಿ ಕೂತು ಲಾಳಿ ಹೊಡೆಯುತ್ತಾ ಕೇಳಿಸಿಕೊಳ್ಳುತ್ತಿದ್ದ. ಇವಳು ರಾಟೆ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಬರೀ ಎರಡೊಂದ್ಲಿ ಎರಡು ಅಲ್ಲ. ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ. "ಅವನಿಗೆ ಬರೋದ್ರಾಗ ನನಗ ಬಂದಿತ್ತು" ಅಂದಳು. ಒಂದು ದಿನ ಅಣ್ಣ ಏಳು ಮುಕ್ಕಾಲು ಅಂತ ಹೇಳಿ ತಡವರಿಸಿದ. ಇವಳು ರಾಟೆ ನಿಲ್ಲಿಸದೆ "ಐದೂಕಾಲು" ಅಂದಳು. ಅಪ್ಪ ನಕ್ಕನಂತೆ. ಆಮೇಲೆ, "ನೀ ಸುತ್ತು" ಅಂದನಂತೆ.

ಮನ್ರೋನ ಕಾಗದಗಳಲ್ಲಿ ಮದರಾಸು ನಗರದ ಒಂದು ಲೆಕ್ಕ ಇದೆ. ಅಲ್ಲಿ ಮನೆಯಲ್ಲೇ ಕಲಿಯುವವರು ಶಾಲೆಗೆ ಹೋಗುವವರ ಐದು ಪಟ್ಟಿಗಿಂತ ಜಾಸ್ತಿ ಅಂತ. ಮನ್ರೋಗೆ ಆ ಅಂಕಿ ಮೇಲೆ ನಂಬಿಕೆ ಬರಲಿಲ್ಲ. ಆದರೂ ಮನೆಪಾಠವನ್ನು ಲೆಕ್ಕಕ್ಕೆ ಹಿಡಿಯಬೇಕು ಅಂತ ಒಪ್ಪಿದ. ಆ ಮನೆಪಾಠದವರೆಂದರೆ ಅಪ್ಪನೋ ಚಿಕ್ಕಪ್ಪನೋ ಕೂರಿಸಿ ಹೇಳಿಕೊಟ್ಟವರು. ರಾಟೆಯ ಮುಂದೆ ಕೂತು, ಇನ್ನೊಬ್ಬರ ಪಾಠವನ್ನು ಕದ್ದು ಕೇಳಿದವರಿಗೆ ಅಂಕಣ ಇಲ್ಲ.

ಹೋದ ಸಲ ಊರಿಗೆ ಹೋದಾಗ ಅಜ್ಜಿಯನ್ನು ಸೊಸೈಟಿಗೆ ಕರೆದುಕೊಂಡು ಹೋಗಿದ್ದೆ. ಅವಳದೊಂದು ಇಪ್ಪತ್ತು ಸಾವಿರದ ಠೇವಣಿ, ವರ್ಷಕ್ಕೆ ಏಳರಂತೆ ಬಡ್ಡಿ. ಒಂಬತ್ತು ತಿಂಗಳ ಬಡ್ಡಿ ತೆಗೆಯಬೇಕಿತ್ತು. ಗುಮಾಸ್ತ ಕ್ಯಾಲ್ಕುಲೇಟರ್ ಹುಡುಕುತ್ತಿದ್ದ. ನಾನು ಜೇಬಿನಿಂದ ಮೊಬೈಲ್ ತೆಗೆದೆ. ಅಜ್ಜಿ ಕಿಟಕಿಯ ಕಡೆ ನೋಡುತ್ತಾ ತುಟಿ ಅಲ್ಲಾಡಿಸಿದಳು. "ಹದಿನಾಲ್ಕು ಮುಕ್ಕಾಲು ಹತ್ತೂವರಿ. ಸಾವಿರದ ಐವತ್ತು ಆತಲ್ಲ" ಅಂದಳು. ಗುಮಾಸ್ತನ ಕ್ಯಾಲ್ಕುಲೇಟರ್ ಸಿಕ್ಕಿತು. ಅವನು ಎರಡು ಸಲ ಒತ್ತಿ ನೋಡಿದ. ತಲೆ ಎತ್ತಿ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ರಿಜಿಸ್ಟರು ತಿರುಗಿಸಿ ಇಂಕಿನ ಪ್ಯಾಡು ಮುಂದಕ್ಕೆ ತಳ್ಳಿದ. ಅಜ್ಜಿ ಅಷ್ಟರಲ್ಲೇ ಹೆಬ್ಬೆಟ್ಟು ಚಾಚಿದ್ದಳು.